ಬ್ರಿಟಿಷ್ ಮ್ಯೂಸಿಯಂಗೆ ಹೋಗುವ ಮುಂಚೆ ವಿಆರ್‌ನಲ್ಲಿ (ಕಣ್ಣಿಗೆ ಹೆಡ್‌ಸೆಟ್ ಹಾಕಿಕೊಂಡು ನೋಡುವ ವರ್ಚುವಲ್ ರಿಯಾಲಿಟಿಯಲ್ಲಿ) ಏನು ನೋಡಿಕೊಳ್ಳಬಹುದು, ಹೇಗೆ?

ಇಡೀ ಮ್ಯೂಸಿಯಂ ಸುತ್ತಲು ಹೋಗಬೇಡಿ, ತಲೆ ಕೆಡುತ್ತದೆ. ನಾಲ್ಕೈದು ವಸ್ತು ಆರಿಸಿ, ಕೋಣೆ ಸಂಖ್ಯೆ ಬರೆದಿಟ್ಟುಕೊಳ್ಳಿ: ಮೂರು ಲಿಪಿಗಳ ಬರಹವಿರುವ ಈಜಿಪ್ಟಿನ ಕಲ್ಲು ರೊಸೆಟ್ಟಾ ಶಿಲೆ 4ನೇ ಕೋಣೆಯಲ್ಲಿದೆ, ಅಮರಾವತಿ ಸ್ತೂಪದ ಶಿಲ್ಪಗಳು 33ಎಯಲ್ಲಿ.

ದಾರಿ ತಿಳಿಯಲು ಗೂಗಲ್ ಸ್ಟ್ರೀಟ್ ವ್ಯೂ ಸಾಕು. ಮ್ಯೂಸಿಯಂ ನಡುವಿನ ದೊಡ್ಡ ಅಂಗಳವಾದ ಗ್ರೇಟ್ ಕೋರ್ಟ್‌ನಿಂದ ಬಾಣದ ಗುರುತು ಒತ್ತುತ್ತಾ ಹೋಗಿ. ಹೆಡ್‌ಸೆಟ್‌ನ ಬ್ರೌಸರಿನಲ್ಲಿ ತೆರೆದರೂ ಇದು ಸಾಮಾನ್ಯವಾಗಿ ಟಿವಿಯಂತೆ ಚಪ್ಪಟೆಯಾಗಿಯೇ ಕಾಣುತ್ತದೆ, ಹಾಗಾಗಿ ಫೋನೇ ವಾಸಿ. ಚಿತ್ರ ಯಾವ ವರ್ಷದ್ದೆಂದು ನೋಡಿಕೊಳ್ಳಿ. ಹಳೆಯದಾದರೆ ವಸ್ತುಗಳ ಜಾಗ ಬದಲಾಗಿರಬಹುದು.

ಆದರೆ ಸ್ಟ್ರೀಟ್ ವ್ಯೂನಲ್ಲಿ ರೊಸೆಟ್ಟಾ ಶಿಲೆಯ ಅಕ್ಷರ ಓದಲಾಗದು. 8192 ಪಿಕ್ಸೆಲ್ ಅಗಲದ 360 ಡಿಗ್ರಿ ಚಿತ್ರದಲ್ಲೂ ಒಂದು ಡಿಗ್ರಿಗೆ ಸಿಗುವುದು ಸುಮಾರು 23 ಪಿಕ್ಸೆಲ್ ಮಾತ್ರ, ಹಿಗ್ಗಿಸಿದಷ್ಟೂ ಮಸುಕು. ಹೆಡ್‌ಸೆಟ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿ. ಮ್ಯೂಸಿಯಂ 2017ರಲ್ಲಿ ತ್ರೀಡಿ ಮಾದರಿಗಳ ಜಾಲತಾಣ ಸ್ಕೆಚ್‌ಫ್ಯಾಬ್‌ಗೆ ಹಾಕಿರುವ ಶಿಲೆಯ ತ್ರೀಡಿ ಮಾದರಿಯನ್ನು ಹೆಡ್‌ಸೆಟ್‌ನ ಬ್ರೌಸರಿನಲ್ಲಿ ತೆರೆದು ವಿಆರ್ ಗುಂಡಿ ಒತ್ತಿ. ಮುರಿದ ಮೇಲ್ತುದಿಯ ಕೆಳಗೆ ಉಳಿದಿರುವ 14 ಸಾಲು ಚಿತ್ರಲಿಪಿ, ನಡುವೆ ಡೆಮೋಟಿಕ್ (ಈಜಿಪ್ಟಿನ ದಿನಬಳಕೆಯ ಲಿಪಿ), ಕೆಳಗೆ ಗ್ರೀಕ್. ಮೂರರ ಗೆರೆಯ ವ್ಯತ್ಯಾಸವನ್ನು ಬಗ್ಗಿ ನೋಡಬಹುದು. ಮಾದರಿ ಒಮ್ಮೊಮ್ಮೆ ಆನೆಗಾತ್ರವಾಗಿ ಎದುರು ನಿಲ್ಲುತ್ತದೆ. ಅಳತೆ ತಗ್ಗಿಸಿ, ನಿಜವಾದ ಕಲ್ಲಿನ ಎತ್ತರ ಸುಮಾರು 112 ಸೆಂ.ಮೀ.

ತಿರುಗುವ ಕುರ್ಚಿಯಲ್ಲಿ ಕೂತು ನೋಡಿ, ಹತ್ತು ನಿಮಿಷಕ್ಕೊಮ್ಮೆ ಹೆಡ್‌ಸೆಟ್ ತೆಗೆದಿಡಿ. ದೇಹ ಕೂತಿದ್ದು ಕಣ್ಣೆದುರಿನ ದೃಶ್ಯ ಮಾತ್ರ ಚಲಿಸಿದರೆ ವಾಕರಿಕೆ ಬರಬಹುದು. ಹೆಡ್‌ಸೆಟ್ ಬದಲು ಫೋನ್ ಸಿಕ್ಕಿಸಿ ನೋಡುವ ಕಾರ್ಡ್‌ಬೋರ್ಡ್ ವ್ಯೂವರ್ ಇದ್ದರೆ ಫೋನಿನಲ್ಲಿ ಜೈರೋಸ್ಕೋಪ್ (ತಿರುಗುವಿಕೆ ಗುರುತಿಸುವ ಸೆನ್ಸರ್) ಇರಲೇಬೇಕು, ಇಲ್ಲದಿದ್ದರೆ ತಲೆ ತಿರುಗಿಸಿದರೂ ದೃಶ್ಯ ಸರಿಯಾಗಿ ತಿರುಗದು.

ಹೋಗುವ ದಿನ ಬೆಳಿಗ್ಗೆ ಮುಚ್ಚಿರುವ ಕೋಣೆಗಳ ಪಟ್ಟಿಯನ್ನು ಮ್ಯೂಸಿಯಂ ಜಾಲತಾಣದಲ್ಲಿ ನೋಡಿ. 4ರಲ್ಲಿ ಜನಜಂಗುಳಿಯಿದ್ದರೆ 1ನೇ ಕೋಣೆಗೆ ಹೋಗಿ. ಅಲ್ಲಿರುವ ಶಿಲೆಯ ಪ್ರತಿಕೃತಿಯನ್ನು ಮುಟ್ಟಿಯೂ ನೋಡಬಹುದು.