ಸಿಂಡ್ರೆಲ್ಲಾ ಥರದ ಕಥಿ ಬಡವ್ರಿಗೆ ಮಾತ್ರ ಯಾಕ ತಾಳ್ಮೆ ಕಲಿಸ್ತಾವು?

ಯಾಕಂದ್ರ ಅವನ್ನ ಬರೆದಿಟ್ಟವ್ರು, ಮೊದಲು ಓದಿದವ್ರು ಭಾಳಷ್ಟು ಮಂದಿ ದೊಡ್ಡಮನಿಯವ್ರು. ಗಾಜಿನ ಚಪ್ಪಲಿ, ಕುಂಬಳಕಾಯಿ ಗಾಡಿ ಇರೋ ಸಿಂಡ್ರೆಲ್ಲಾನ್ನ 1697ರಾಗ ಅಚ್ಚು ಹಾಕಿಸಿದ ಶಾರ್ಲ್ ಪೆರೋ, ಫ್ರಾನ್ಸಿನ 14ನೇ ಲೂಯಿ ರಾಜನ ಸರ್ಕಾರದಾಗ ಕೆಲಸ ಮಾಡಿದವ್ರು. ನೋಡ್ರಿ, ಆಕಿ ಹುಟ್ಟಾ ಬಡವಿ ಅಲ್ಲವೇ ಅಲ್ಲ, ಅನುಕೂಲಸ್ಥರ ಮಗಳು, ಮಲತಾಯಿ ಬಂದು ಒಲಿ ಬೂದಿಗೆ ತಳ್ಳಿದ್ಲು ಅಷ್ಟ, ಹಿಂಗಾಗಿ ಕೊನಿಗೆ ಆಕಿ ಮ್ಯಾಲೆ ಹೋಗ್ತಾಳ, ಅರಮನಿ-ಆಳುಗಳ ವ್ಯವಸ್ಥಾ ಮಾತ್ರ ಇದ್ದಂಗ ಇರ್ತೈತಿ. ಪೆರೋ ಕೊನಿಗೆ ಎರಡು ನೀತಿ ಬರದಾರ. ಎರಡನೇದು ನನಗ ಭಾಳ ಖರೇ ಅನಸ್ತೈತಿ: ಬುದ್ಧಿ, ಧೈರ್ಯ ಎಷ್ಟಿದ್ರೂ ಕೈ ಹಿಡಿಯೋ ದೊಡ್ಡವ್ರಿಲ್ಲಂದ್ರ ಉಪಯೋಗಿಲ್ಲ.

ಅದೇ ಪುಸ್ತಕದಾಗ ಬೂಟು ಹಾಕ್ಕೊಂಡ ಬೆಕ್ಕಿನ ಸುಳ್ಳಿನಿಂದ ಗಿರಣಿಯವನ ಮಗ ರಾಜನ ಅಳಿಯ ಆಗ್ತಾನ, ಅಲ್ಲಿ ನೀತಿ ಚುರುಕುತನ. ಹುಡುಗಿಗೆ ತಾಳ್ಮೆ, ಹುಡುಗಗ ಚಾಲಾಕಿ!

ನಮ್ಮ ಧಾರವಾಡ ಕಡೆ ಮಕ್ಕಳಿಗೆ ಇದರ ಜೋಡಿ ಎ.ಕೆ. ರಾಮಾನುಜನ್ ಸಂಗ್ರಹಿಸಿದ, ಹಂಚಿ ಅನ್ನೋ ಹುಡುಗಿಯ ಕನ್ನಡ ಜನಪದ ಕಥಿನೂ ಹೇಳ್ರಿ. ಅದ್ರಾಗ ಬಂಗಾರದ ಕೂದಲಿನ ಹುಡುಗಿ ತಾಯಿ ಕೊಟ್ಟ ಮಣ್ಣಿನ ಮುಖವಾಡ ಹಾಕ್ಕೊಂಡು ಸಾಹುಕಾರನ ಮನ್ಯಾಗ ಅಡಗಿ ಮಾಡ್ತಾಳ. ಮದುವಿ ಅಲ್ಲೂ ಸಾಹುಕಾರನ ಮಗನ ಜೋಡಿನ, ಆದ್ರ ಗಾಡಿ ಕೊಡೋ ದೇವತಿ ಯಾರೂ ಬರಂಗಿಲ್ಲ.