ದೇಣಿಗೆ ಹಣದಲ್ಲಿ ಇಂಜಿನಿಯರ್ ಬದುಕು: ನೀವು ಕೇಳಿದ್ದು, ನಾನು ಹೇಳಿದ್ದು

ಪ್ರಶ್ನೆ: ಮಗ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಅದನ್ನು ಬಿಟ್ಟು ‘ಮೊನೆರೊ’ ಎಂಬ ಬ್ಲಾಕ್‌ಚೈನ್‌ಗೆ ಪೂರ್ತಿ ಸಮಯ ಕೋಡ್ ಬರೀತೀನಿ, ಜನ ದೇಣಿಗೆ ಕೊಡ್ತಾರೆ ಅಂತಾನೆ. ಕಂಪನಿ ಇಲ್ಲ, ಮಾಲೀಕರಿಲ್ಲ, ಆಫರ್ ಲೆಟರ್ ಇಲ್ಲ. ಇದನ್ನು ಕೆಲಸ ಅಂತ ಕರೀಬಹುದಾ? ಯಾರಾದರೂ ಸುಮ್ನೆ ಸಂಬಳ ಕೊಡ್ತಾರಾ?
– ಹೆಸರು ಬೇಡ, ಶಿರಸಿ

ಉತ್ತರ: ಇದು ಕೆಲಸವೇ ಅಮ್ಮಾ, ಅದೂ ಕಷ್ಟದ ಕೆಲಸ. ಸುಮ್ನೆ ಯಾರೂ ಕೊಡೋದಿಲ್ಲ.

ಮೊನೆರೊ ಅಂದರೆ ಬಿಟ್‌ಕಾಯಿನ್ ಥರದ ಒಂದು ಡಿಜಿಟಲ್ ನಾಣ್ಯ. ಅದರ ವ್ಯವಹಾರಗಳನ್ನೆಲ್ಲ ಹಲವು ಕಂಪ್ಯೂಟರ್‌ಗಳು ಸೇರಿ ಬರೆದಿಡುವ ಲೆಕ್ಕದ ಪುಸ್ತಕವೇ ಬ್ಲಾಕ್‌ಚೈನ್. ಇದು ಶುರುವಾಗಿದ್ದು 2014ರ ಏಪ್ರಿಲ್‌ನಲ್ಲಿ. ಶುರು ಮಾಡಿದವರು ತಮಗೆ ಅಂತ ನಾಣ್ಯ ಎತ್ತಿಟ್ಟುಕೊಳ್ಳಲಿಲ್ಲ. ಹೂಡಿಕೆದಾರರಿಗೆ ಮೊದಲೇ ಮಾರಿ ದುಡ್ಡು ಎತ್ತಲಿಲ್ಲ. ಹಾಗಾಗಿ ಪ್ರೋಗ್ರಾಮರ್‌ಗಳಿಗೆ ಕೊಡೋಕೆ ಗಲ್ಲಾದಲ್ಲಿ ಏನೂ ಇರಲಿಲ್ಲ. ಆ ಕೊರತೆಯಿಂದ ಹುಟ್ಟಿದ್ದೇ ಈಗಿನ ಕಮ್ಯುನಿಟಿ ಕ್ರೌಡ್‌ಫಂಡಿಂಗ್ ಪದ್ಧತಿ. ಅಲ್ಲಿ ಓಡಾಡುವವರು ಅದನ್ನು ಸಿಸಿಎಸ್ ಅಂತಾರೆ.

ಅದು ನಡೆಯೋದು ಹೀಗೆ. ಕೆಲಸ ಮಾಡುವವರು ಒಂದು ಪ್ರಸ್ತಾವ ಬರೀತಾರೆ. ಪೂರ್ತಿ ಸಮಯದವರದ್ದಾದರೆ ಸಾಮಾನ್ಯವಾಗಿ ಮೂರು ತಿಂಗಳಿಗೆ. ವಾರಕ್ಕೆ 40 ಗಂಟೆ ಅಂದರೆ ಒಟ್ಟು 480 ಗಂಟೆ. ಗಂಟೆಗೆ ಎಷ್ಟು, ಏನೇನು ಮಾಡ್ತೇನೆ, ಹೋದ ಸಲ ಏನು ಮಾಡಿದೆ, ಎಲ್ಲವೂ ಅದರಲ್ಲಿರಬೇಕು. ಪ್ರಸ್ತಾವ ಎಲ್ಲರ ಕಣ್ಣಿಗೂ ಬೀಳುತ್ತದೆ, ಯಾರು ಬೇಕಾದರೂ ಪ್ರಶ್ನೆ ಕೇಳಬಹುದು. ದರ ಜಾಸ್ತಿಯಾಯಿತು ಎನ್ನುವವರು ಇರ್ತಾರೆ, ಈ ಕೆಲಸ ಈಗ ಬೇಕಾ ಎನ್ನುವವರೂ ಇರ್ತಾರೆ. ಅದನ್ನು ದಾಟಿದರೆ ದೇಣಿಗೆಗೆ ತೆರೆಯುತ್ತಾರೆ. ಮೊತ್ತ ತುಂಬಿದ ಮೇಲೆ ಕೆಲಸ ಶುರು. ಹಣ ಕೈಗೆ ಬರೋದು ಒಂದೊಂದು ಹಂತ ಮುಗಿಸಿ ತೋರಿಸಿದ ಮೇಲೆ.

ಇಂಥ ಕೆಲಸದ ವರದಿಗಳನ್ನು ನಾನು ಆಸೆಯಿಂದ ಓದ್ತೇನೆ. ದೊಡ್ಡ ಮಾತು ಅಲ್ಲಿರೋದಿಲ್ಲ. ವಾಲೆಟ್ (ನಾಣ್ಯ ಇಡುವ ತಂತ್ರಾಂಶ) ಸಿಂಕ್ ಆಗುವಾಗಿನ ಒಂದು ದೋಷ ಸರಿಮಾಡಿದೆ, ಇಂಥವರು ಕಳಿಸಿದ ಕೋಡ್ ತಿದ್ದುಪಡಿ ಪರಿಶೀಲಿಸಿದೆ, ಇದಕ್ಕೆ ಪರೀಕ್ಷೆ ಬರೆದೆ, ಅಷ್ಟೆ. ಪ್ರತಿ ಸಾಲಿಗೂ ಹಿಂದೆ ಒಂದು ಕೋಡ್ ಇರುತ್ತದೆ, ಅದನ್ನು ತೆಗೆದು ನೋಡಬಹುದು. ಇವರಲ್ಲಿ ಎಷ್ಟೋ ಜನರ ನಿಜ ಹೆಸರು ದುಡ್ಡು ಕೊಟ್ಟವರಿಗೂ ಗೊತ್ತಿಲ್ಲ. ಗೊತ್ತಿರುವುದು ಕೋಡ್ ಮಾತ್ರ. ನಾನು ವರ್ಷಗಟ್ಟಲೆ ಕಂಪನಿಯಲ್ಲಿ ಬೇರೆಯವರ ಕೋಡ್ ಪರಿಶೀಲಿಸಿದವಳು. ಮುಖ ನೋಡದೆ, ಡಿಗ್ರಿ ಕೇಳದೆ, ಮಾಡಿದ ಕೆಲಸ ನೋಡಿ ಹಣ ಕೊಡುವ ಈ ರೀತಿ ನನಗೆ ತುಂಬಾ ಇಷ್ಟ.

ಇದರಿಂದ ಏನಾದರೂ ಆಗಿದೆಯಾ ಅಂದರೆ, ಆಗಿದೆ. 2018ರ ಅಕ್ಟೋಬರ್‌ನಲ್ಲಿ ಮೊನೆರೊಗೆ ‘ಬುಲೆಟ್‌ಪ್ರೂಫ್ಸ್’ ಎಂಬ ಬದಲಾವಣೆ ಬಂತು. ಒಂದೊಂದು ವ್ಯವಹಾರ ಬರೆದಿಡಲು ಬೇಕಾದ ಡೇಟಾದ ಗಾತ್ರ ಸುಮಾರು 80 ಶೇಕಡಾ ಇಳಿಯಿತು, ಶುಲ್ಕವೂ ಅದರ ಜೊತೆಗೆ ಬಿತ್ತು. ಆ ಕೋಡನ್ನು ಹೊರಗಿನ ತಜ್ಞರಿಂದ ಆಡಿಟ್ ಮಾಡಿಸಿದ್ದು ಜನರ ದೇಣಿಗೆಯಿಂದಲೇ.

ಈಗ ನಿಮ್ಮ ಮಗನ ವಿಷಯ. ಅವನಿಗೆ ಒಂದೇ ಪ್ರಶ್ನೆ ಕೇಳಿ: ಆ ಯೋಜನೆಯಲ್ಲಿ ಅವನ ಕೋಡ್ ಈಗಾಗಲೇ ಸೇರಿದೆಯಾ? ಹೊಸಬರಿಗೆ ಪೂರ್ತಿ ಸಮಯದ ಹಣ ಸಿಗೋದು ತೀರಾ ಕಷ್ಟ. ಸಂಜೆ, ಶನಿವಾರ, ಭಾನುವಾರ ಬಿಟ್ಟಿ ಕೆಲಸ ಮಾಡಿ ಹೆಸರು ಗಳಿಸಿದವರಿಗೇ ಜನ ಕೊಡೋದು. ಅದು ಆಗಿಲ್ಲ ಅಂದರೆ ನೌಕರಿ ಈಗಲೇ ಬಿಡೋದು ಬೇಡ ಅಂತ ನನ್ನ ಪರವಾಗಿಯೂ ಹೇಳಿ. ಆಗಿದ್ದರೆ ಆರು ತಿಂಗಳ ಖರ್ಚು ಬ್ಯಾಂಕಿನಲ್ಲಿಟ್ಟುಕೊಂಡು ಹೊರಡಲಿ, ತಡೆಯಬೇಡಿ. ಒಂದು ಪ್ರಸ್ತಾವ ಮುಗಿದು ಇನ್ನೊಂದು ತುಂಬುವವರೆಗೆ ಕೈ ಖಾಲಿ ಇರಬಹುದು. ಪಾವತಿ ಮೊನೆರೊದಲ್ಲೇ. ಬರೆದ ದಿನದ ಬೆಲೆಗೂ ಕೈಗೆ ಬಂದ ದಿನದ ಬೆಲೆಗೂ ಬಹಳ ವ್ಯತ್ಯಾಸ ಆಗಬಹುದು. ಅದನ್ನು ರೂಪಾಯಿ ಮಾಡೋದೂ ಸಲೀಸಲ್ಲ. 2024ರ ಫೆಬ್ರವರಿಯಲ್ಲಿ ಇಂಥ ನಾಣ್ಯ ಕೊಂಡು ಮಾರುವ ದೊಡ್ಡ ತಾಣ ಬೈನಾನ್ಸ್ ಕೂಡ ಮೊನೆರೊವನ್ನು ಪಟ್ಟಿಯಿಂದ ತೆಗೆಯಿತು.

ತೆರಿಗೆ ಮರೆಯಬೇಡಿ. ಕೆಲಸಕ್ಕೆ ಬಂದ ನಾಣ್ಯ, ಬಂದ ದಿನದ ರೂಪಾಯಿ ಬೆಲೆಯಲ್ಲಿ ಆದಾಯವೇ. ಆಮೇಲೆ ಬೆಲೆ ಏರಿ ಮಾರಿದರೆ ಆ ಲಾಭಕ್ಕೆ ಬೇರೆ 30 ಶೇಕಡಾ ತೆರಿಗೆ, 2022ರ ಏಪ್ರಿಲ್‌ನಿಂದ ಈ ನಿಯಮ. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯೋ ಹಾಗಿಲ್ಲ. ಪ್ರತಿ ಪಾವತಿಯ ದಿನಾಂಕ, ಅಂದಿನ ಬೆಲೆ ಬರೆದಿಡಲಿ, ಒಬ್ಬ ಸಿಎ ಹತ್ತಿರ ಮೊದಲೇ ಕೂತು ಮಾತಾಡಲಿ.

ಪ್ರಶ್ನೆ: ಪ್ರತಿಸಲ ಕೈ ಚಾಚೋದು ಯಾಕೆ? ಹೊಸ ನಾಣ್ಯ ಹುಟ್ಟುವಾಗಲೇ ಡೆವಲಪರ್‌ಗಳಿಗೆ ಒಂದು ಪಾಲು ತೆಗೆದಿಟ್ಟರೆ ಮುಗೀತಲ್ವಾ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಝೀಕ್ಯಾಶ್ ಎಂಬ ಇನ್ನೊಂದು ನಾಣ್ಯ ಮಾಡಿದ್ದು ಅದನ್ನೇ. 2016ರ ಅಕ್ಟೋಬರ್‌ನಿಂದ ಮೊದಲ ನಾಲ್ಕು ವರ್ಷ ಪ್ರತಿ ಬ್ಲಾಕ್‌ನ (ಲೆಕ್ಕದ ಪುಸ್ತಕದ ಒಂದೊಂದು ಪುಟ ಅನ್ನಿ) ಹೊಸ ನಾಣ್ಯದಲ್ಲಿ 20 ಶೇಕಡಾ ಸ್ಥಾಪಕರು, ಹೂಡಿಕೆದಾರರು, ಸಿಬ್ಬಂದಿಯ ಕಡೆಗೆ ಹೋಯಿತು. ಸಂಬಳಕ್ಕೆ ಚಿಂತೆ ಇರಲಿಲ್ಲ. ಆದರೆ ಅವಧಿ ಮುಗಿಯುತ್ತಾ ಬಂದಾಗ ಪಾಲು ಮುಂದುವರಿಯಬೇಕಾ, ಯಾರಿಗೆ ಎಷ್ಟು ಅಂತ ದೊಡ್ಡ ಚರ್ಚೆಯೇ ಆಯಿತು. ಮೊನೆರೊದಲ್ಲಿ 2022ರ ಜೂನ್‌ನಿಂದ ಸುಮಾರು ಎರಡು ನಿಮಿಷಕ್ಕೊಮ್ಮೆ 0.6 ನಾಣ್ಯ ಹುಟ್ಟುತ್ತದೆ, ಪೂರ್ತಿ ಮೈನರ್‌ಗಳಿಗೆ, ಅಂದರೆ ಕಂಪ್ಯೂಟರ್ ಓಡಿಸಿ ಹೊಸ ಬ್ಲಾಕ್ ಸೇರಿಸುವವರಿಗೆ. ಡೆವಲಪರ್ ಜನರ ಮುಂದೆ ಬಂದು ಕೇಳಲೇಬೇಕು. ಕೇಳುವವನಿಗೆ ಅದು ಕಿರಿಕಿರಿ, ಒಪ್ಪುತ್ತೇನೆ. ಆದರೂ ಜನ ಬೇಡ ಅನ್ನಬಹುದಾದ ವ್ಯವಸ್ಥೆಯೇ ನನಗೆ ಸರಿ ಅನಿಸುತ್ತದೆ.

ಒಂದೇ ಸಂಸ್ಥೆಯನ್ನು ನೆಚ್ಚಿಕೊಂಡರೆ ಏನಾಗುತ್ತದೆ ಅನ್ನೋದಕ್ಕೆ ಬಿಟ್‌ಕಾಯಿನ್ ನೋಡಿ. 2012ರಲ್ಲಿ ಬಿಟ್‌ಕಾಯಿನ್ ಫೌಂಡೇಶನ್ ಹುಟ್ಟಿತು. ಗ್ಯಾವಿನ್ ಆಂಡ್ರೆಸನ್ ಅವರಂಥ ಮುಖ್ಯ ಡೆವಲಪರ್‌ಗಳಿಗೆ ಅದೇ ಸಂಬಳ ಕೊಡುತ್ತಿತ್ತು. 2015ರ ಹೊತ್ತಿಗೆ ಅದರ ಬೊಕ್ಕಸ ಬರಿದಾಯಿತು. ಆಂಡ್ರೆಸನ್ ಜೊತೆ ಇನ್ನಿಬ್ಬರು ಡೆವಲಪರ್‌ಗಳಾದ ವ್ಲಾಡಿಮಿರ್ ವಾನ್ ಡರ್ ಲಾನ್, ಕೋರಿ ಫೀಲ್ಡ್ಸ್ ಅವರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಡಿಜಿಟಲ್ ಕರೆನ್ಸಿ ಇನಿಶಿಯೇಟಿವ್ ಕೆಲಸ ಕೊಟ್ಟಿತು. ಈಗ 2020ರಲ್ಲಿ ಶುರುವಾದ ಬ್ರಿಂಕ್, ಓಪನ್‌ಸ್ಯಾಟ್ಸ್‌ನಂಥ ದೇಣಿಗೆ ಸಂಸ್ಥೆಗಳು, ಹೀಗೆ ಹಲವು ಕಡೆಯಿಂದ ಹಣ ಬರುತ್ತದೆ.

ಪ್ರಶ್ನೆ: ಮೊನೆರೊದ ದೇಣಿಗೆ ವಾಲೆಟ್ಟೇ ಕಳುವಾಯಿತಂತೆ! ನನಗೂ ಸ್ವಲ್ಪ ಕೊಡುವ ಮನಸ್ಸಿತ್ತು. ಕೊಡಬಹುದಾ? ಕೊಟ್ಟರೆ ಯಾವುದಕ್ಕೆ?
– ಓದುಗರು, ಮಂಗಳೂರು

ಉತ್ತರ: ಕಳುವಾಗಿದ್ದು ನಿಜ. 2023ರ ಸೆಪ್ಟೆಂಬರ್ 1ರಂದು ಸಿಸಿಎಸ್ ವಾಲೆಟ್‌ನಿಂದ 2,675.73 ಮೊನೆರೊ ಹೋಯಿತು. ಸುದ್ದಿ ಹೊರಬಿದ್ದಾಗಿನ ಬೆಲೆಯಲ್ಲಿ ನಾಲ್ಕು ಲಕ್ಷ ಡಾಲರ್‌ಗೂ ಜಾಸ್ತಿ. ಜನರಿಗೆ ತಿಳಿಸಿದ್ದು ನವೆಂಬರ್‌ನಲ್ಲಿ. ವಾಲೆಟ್‌ನ ಕೀಲಿ ಇದ್ದಿದ್ದು ಇಬ್ಬರ ಹತ್ತಿರ ಮಾತ್ರ. ಕೆಲಸ ಮಾಡುತ್ತಿದ್ದವರಿಗೆ ಕೊಡಬೇಕಾದ ಹಣವನ್ನು ಯೋಜನೆಯ ಇನ್ನೊಂದು ನಿಧಿಯಿಂದ ತುಂಬಿಕೊಡುವ ಮಾತಾಯಿತು. ನನಗೆ ಕೋಪ ಬಂದಿದ್ದು ಎರಡು ವಿಷಯಕ್ಕೆ: ಅಷ್ಟು ದೊಡ್ಡ ಮೊತ್ತ ಒಂದೇ ವಾಲೆಟ್‌ನಲ್ಲಿ ಕೂತಿತ್ತು, ಮತ್ತು ಹೇಳಲು ಅಷ್ಟು ದಿನ ಬೇಕಾಯಿತು. ಹಲವರ ಸಹಿ ಬೀಳದೆ ಹಣ ಕದಲದ ಮಲ್ಟಿಸಿಗ್ ವಾಲೆಟ್ ಇದೆಯಾ ಅಂತ ಯಾವ ಯೋಜನೆಗೆ ಕೊಡುವ ಮೊದಲೂ ಕೇಳಿ. ಕೇಳೋದು ನಿಮ್ಮ ಹಕ್ಕು.

ಯಾವುದಕ್ಕೆ ಅಂದರೆ, ಯಾರ ಕಣ್ಣಿಗೂ ಬೀಳದ ಕೆಲಸಕ್ಕೆ. ತೇರಿಗೆ ವಂತಿಗೆ ಕೊಡುವವರೆಲ್ಲ ಕೆರೆ ಹೂಳೆತ್ತಲು ಕೊಡೋದಿಲ್ಲ, ಇಲ್ಲೂ ಅದೇ ಕಥೆ. ಹೊಸ ಸೌಲಭ್ಯ ಅಂದರೆ ಹಣ ಬೇಗ ತುಂಬುತ್ತದೆ. ಬೇರೆಯವರ ಕೋಡ್ ಪರಿಶೀಲನೆ, ಹಳೆಯ ದೋಷ ತಿದ್ದುವುದು, ಬಿಡುಗಡೆ ಸಿದ್ಧಮಾಡುವುದು ಅಂದರೆ ಪ್ರಸ್ತಾವ ಕಾಯುತ್ತಾ ಕೂರುತ್ತದೆ. ಜನರ ಹಣ ಕಾಯುವ ತಂತ್ರಾಂಶದಲ್ಲಿ ಒಂದು ತಪ್ಪು ಸಾಲು ನುಸುಳಿದರೆ ಅದನ್ನು ಹಿಡಿಯುವವರು ಇವರೇ ಅಲ್ವಾ? ಅವರ ಹಿಂದಿನ ಮೂರು ತಿಂಗಳ ವರದಿ ಓದಿ, ಹೇಳಿದ್ದು ಮಾಡಿದ್ದಾರಾ ನೋಡಿ, ಆಮೇಲೆ ಕೊಡಿ. ಬ್ಲಾಕ್‌ಚೈನೇ ಆಗಬೇಕು ಅಂತಿಲ್ಲ. ನಮ್ಮ ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಝೆರೋಧ 2024ರಲ್ಲಿ ಮುಕ್ತ ತಂತ್ರಾಂಶಗಳಿಗೆ (ಯಾರು ಬೇಕಾದರೂ ಕೋಡ್ ನೋಡಿ ಬಳಸಬಹುದಾದವು) ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಶುರುಮಾಡಿದೆ. ನೀವು ದಿನಾ ಬಳಸುವ ಯಾವ ಮುಕ್ತ ತಂತ್ರಾಂಶಕ್ಕೂ ಇದೇ ಲೆಕ್ಕದಲ್ಲಿ ಕೊಡಬಹುದು. ಸಿಸಿಎಸ್‌ನಂಥ ಕಡೆ ಕೊಟ್ಟರೆ ಮಾತ್ರ 80ಜಿ ರಸೀದಿ ಸಿಗೋದಿಲ್ಲ, ತೆರಿಗೆ ವಿನಾಯಿತಿ ಲೆಕ್ಕಕ್ಕೆ ಹಿಡಿಯಬೇಡಿ.