ಅಡಿಗೆರೆ ಬಿದ್ದದ್ದು ಬೇರೆ ಪದಕ್ಕೆ

ಅವರು ಬಯಾಪ್ಸಿ ವರದಿಯನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಬಂದಿದ್ದರು. ಬಿಡಿಸಿ ಹರಡಿದಾಗ ನೋಡಿದೆ: ‘ಡಿಸ್‌ಪ್ಲೇಸಿಯಾ’ ಎಂಬ ಪದದ ಕೆಳಗೆ ಪೆನ್ನು ಎಷ್ಟು ಸಲ ಓಡಾಡಿತ್ತೆಂದರೆ ಕಾಗದ ಅಲ್ಲಿ ಹರಿದೇ ಹೋಗಿತ್ತು. ವಯಸ್ಸು 52. ಗುರುತು ಸಿಗಬಾರದೆಂದು ಉಳಿದ ವಿವರಗಳನ್ನು ಬದಲಿಸಿದ್ದೇನೆ.

ಹನ್ನೊಂದು ದಿನಗಳಿಂದ ನಿದ್ದೆಯಿಲ್ಲ. ಹೆಂಡತಿಯ ಹೊರತು ಯಾರಿಗೂ ವಿಷಯ ಗೊತ್ತಿಲ್ಲ. ಕ್ಯಾನ್ಸರ್ ಎಂದು ಬಾಯಿಬಿಟ್ಟು ಹೇಳಲು ವೈದ್ಯರಿಗೆ ಮನಸ್ಸು ಬಾರದೆ ಈ ಪದ ಬರೆದಿದ್ದಾರೆ ಎಂಬುದು ಅವರ ಲೆಕ್ಕ.

ಇಂಥ ಹೊತ್ತಿನಲ್ಲಿ ‘ಹೆದರಬೇಡಿ’ ಎಂದರೆ ಕಿವಿಗೆ ಬೀಳುವುದಿಲ್ಲ. ಅವರ ವೈದ್ಯರೊಂದಿಗೆ ಮೊದಲೇ ಮಾತನಾಡಿಕೊಂಡಿದ್ದೆ. ಈಗ ಇವರೂ ನಾನೂ ಕೂತು ವರದಿಯನ್ನು ಸಾಲು ಸಾಲಾಗಿ ಓದಿದೆವು.

ಕೊಲೊನೊಸ್ಕೊಪಿಯಲ್ಲಿ, ಅಂದರೆ ದೊಡ್ಡ ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಯಿಸಿ ನೋಡುವ ಪರೀಕ್ಷೆಯಲ್ಲಿ, ಎರಡು ಪಾಲಿಪ್ (ಒಳಗೋಡೆಯ ಮೇಲೆ ಬೆಳೆಯುವ ಗಂಟು) ತೆಗೆದಿದ್ದರು. ಗುದನಾಳದಲ್ಲಿದ್ದ 3 ಮಿ.ಮೀ.ನದು ಹೈಪರ್‌ಪ್ಲಾಸ್ಟಿಕ್, ಅಂದರೆ ಕೋಶಗಳು ಸುಮ್ಮನೆ ಹೆಚ್ಚಿ ಆದ ಗಂಟು; ಆ ಜಾಗದಲ್ಲಿ, ಆ ಗಾತ್ರದಲ್ಲಿ ಅದು ಲೆಕ್ಕಕ್ಕಿಲ್ಲ. (ಇದನ್ನೇ ಹೋಲುವ, ಕರುಳಿನ ಬಲಭಾಗದಲ್ಲಿ ಲೋಳೆ ಹೊದ್ದು ಚಪ್ಪಟೆಯಾಗಿ ಕೂರುವ ಸೆರೇಟೆಡ್ ಎಂಬ, ಗರಗಸದ ಹಲ್ಲಿನಂಥ ಅಂಚಿನ ಬಗೆಯನ್ನೂ ಹಿಂದೆ ನಿರಪಾಯಕಾರಿ ಎಂದೇ ಬಿಡುತ್ತಿದ್ದರು. ಈಗ ಬಿಡುವುದಿಲ್ಲ. ಇವರಿಗೆ ಅದು ಇರಲಿಲ್ಲ.) ಎರಡನೆಯದು ತೊಟ್ಟಿನ ಮೇಲೆ ನಿಂತಿದ್ದ ಅಡೆನೋಮ (ಗ್ರಂಥಿಯ ಕೋಶಗಳಿಂದ ಬೆಳೆಯುವ, ಕೆಲವೊಮ್ಮೆ ಮುಂದೆ ಕ್ಯಾನ್ಸರ್ ಆಗಬಲ್ಲ ಗಂಟು), ‘ಲೋ ಗ್ರೇಡ್ ಡಿಸ್‌ಪ್ಲೇಸಿಯಾ’.

ಡಿಸ್‌ಪ್ಲೇಸಿಯಾ ಎಂದರೆ ಜೀವಕೋಶಗಳು ಶಿಸ್ತು ತಪ್ಪಿವೆ ಎಂದಷ್ಟೇ. ಅಡೆನೋಮ ಎಂದ ಮೇಲೆ ಲೋ ಗ್ರೇಡಾದರೂ, ಅಂದರೆ ಕೆಳಮಟ್ಟದ್ದಾದರೂ, ಇದ್ದೇ ಇರುತ್ತದೆ. ಇಲ್ಲದಿದ್ದರೆ ಆ ಹೆಸರೇ ಬರುವುದಿಲ್ಲ. ಹೈ ಗ್ರೇಡ್ ಇದ್ದರೂ, ಕೋಶಗಳು ಒಳಪೊರೆಯನ್ನು ಭೇದಿಸಿ ಕೆಳಗಿನ ಪದರಕ್ಕೆ ಇಳಿಯುವ ತನಕ ದೊಡ್ಡ ಕರುಳಿನಲ್ಲಿ ಸಾಮಾನ್ಯವಾಗಿ ಅದನ್ನು ಕ್ಯಾನ್ಸರ್ ಎಂದು ಎಣಿಸುವುದಿಲ್ಲ.

“ಹಾಗಾದರೆ ಸುಮ್ಮಸುಮ್ಮನೆ ಹೆದರಿದೆನೇ?” ಎಂದರು.

ಹೌದು ಎಂದುಬಿಡುವುದು ಸುಲಭವಿತ್ತು. ಆದರೆ ಅವರ ಪೆನ್ನು ಮುಟ್ಟದ ಎರಡು ಸಂಗತಿ ಅದೇ ಸಾಲಿನಲ್ಲಿದ್ದವು: ‘12 ಮಿ.ಮೀ.’ ಮತ್ತು ‘ಟ್ಯುಬ್ಯುಲೋವಿಲ್ಲಸ್’. ಗ್ರಂಥಿಗಳು ಕೊಳವೆಯಂತಿದ್ದರೆ ಟ್ಯುಬ್ಯುಲಾರ್, ಬೆರಳುಗಳಂತೆ ಚಾಚಿಕೊಂಡಿದ್ದರೆ ವಿಲ್ಲಸ್, ಎರಡೂ ಬೆರೆತಿದ್ದರೆ ಇದು. ವಿಲ್ಲಸ್ ಅಂಶವಿದ್ದರೆ ಅಥವಾ ಗಾತ್ರ 10 ಮಿ.ಮೀ. ಮುಟ್ಟಿದರೆ ಅದನ್ನು ಮುಂದುವರಿದ ಅಡೆನೋಮ ಎನ್ನುತ್ತಾರೆ. ಬಹುಪಾಲು ಅಡೆನೋಮಗಳು ಕ್ಯಾನ್ಸರ್ ಆಗುವುದೇ ಇಲ್ಲ. ಆಗುವವಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಸಮಯ ಬೇಕು. ಇವರದನ್ನು ಒಂದೇ ತುಂಡಾಗಿ ತೆಗೆದಾಗಿತ್ತು, ಕತ್ತರಿಸಿದ ಅಂಚಿನಲ್ಲಿ ಏನೂ ಉಳಿದಿರಲಿಲ್ಲ. ಆ ಗಂಟಿನ ಕಥೆ ಅಲ್ಲಿಗೆ ಮುಗಿಯಿತು. ಆದರೆ ಅಂಥದ್ದೊಂದನ್ನು ಬೆಳೆಸಿದ ಕರುಳು ಇನ್ನೊಂದನ್ನೂ ಬೆಳೆಸಬಲ್ಲದು. ಚಿಕ್ಕದೊಂದು ಟ್ಯುಬ್ಯುಲಾರ್ ಆಗಿದ್ದರೆ ಮರುಪರೀಕ್ಷೆಗೆ ಏಳರಿಂದ ಹತ್ತು ವರ್ಷ ಸಿಗುತ್ತಿತ್ತು. ಇವರಿಗೆ ಮೂರೇ ವರ್ಷ ಕೊಟ್ಟದ್ದು ಅದಕ್ಕೆ. ‘ತೆಗೆದಾಯಿತಲ್ಲ, ಇನ್ನೇನು’ ಎಂಬ ಹೆಂಡತಿಯ ಸಮಾಧಾನಕ್ಕೆ ನಾನು ಹೆಚ್ಚು ಹೆದರಿದೆ.

ಮರುಪರೀಕ್ಷೆಯ ತಿಂಗಳನ್ನು ಅಲ್ಲೇ ಮೊಬೈಲಿನಲ್ಲಿ ಬರೆಸಿದೆ. ಅವರು ಸಿಗರೇಟು ಬಿಡಬೇಕೆಂಬ ಮಾತನ್ನು ಮುಂದಿನ ಭೇಟಿಗೆ ಇಟ್ಟುಕೊಂಡೆ. ಎಲ್ಲವನ್ನೂ ಒಂದೇ ದಿನ ಹೇರಬಾರದು.

ಕಷ್ಟವಾದದ್ದು ತಮ್ಮನ ವಿಷಯ. ಆತನಿಗೆ 41. ಮುಂದುವರಿದ ಅಡೆನೋಮ ಸಿಕ್ಕವರ ಒಡಹುಟ್ಟಿದವರೂ ಮಕ್ಕಳೂ 40ಕ್ಕೇ, ಅಥವಾ ಇವರಿಗೆ ಪತ್ತೆಯಾದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಪರೀಕ್ಷೆ ಆರಂಭಿಸಬೇಕೆನ್ನುತ್ತಾರೆ. “ಅವನು ಮೊದಲೇ ಪುಕ್ಕಲು” ಎಂದು ಇವರು ತಲೆಯಾಡಿಸಿದರು. ಹೇಳಬೇಕಾದ ಮಾತನ್ನು ಸೇರಿ ಬರೆದೆವು: “ನನಗೊಂದು ಪಾಲಿಪ್ ಇತ್ತು, ತೆಗೆದಿದ್ದಾರೆ. ಕ್ಯಾನ್ಸರ್ ಅಲ್ಲ, ಆದರೆ ನೀನೂ ಒಮ್ಮೆ ತೋರಿಸಿಕೊಳ್ಳಬೇಕು.” ಅವರೇ ‘ಆದರೆ’ಯನ್ನು ಹೊಡೆದುಹಾಕಿ ‘ಅದಕ್ಕೇ’ ಎಂದು ತಿದ್ದಿದರು. ನನಗದು ಹೊಳೆದಿರಲಿಲ್ಲ.

ಎರಡನೇ ಭೇಟಿಗೆ ತಮ್ಮನೂ ಜತೆಗಿದ್ದ. ಕೊಲೊನೊಸ್ಕೊಪಿಯ ದಿನ ಗೊತ್ತುಮಾಡಿಕೊಂಡೇ ಬಂದಿದ್ದ; ಹಿಂದಿನ ದಿನ ಕುಡಿಯಬೇಕಾದ ಭೇದಿ ಔಷಧದ ರುಚಿ ಹೇಗಿರುತ್ತದೆ ಎಂಬುದೊಂದೇ ಅವನ ಪ್ರಶ್ನೆ.